ಡ್ರೈವರ್‌ನ ಶೂ

ಊರು, ಶಾಲೆ, ಕೆಲವು ವಿವರಗಳನ್ನು ಬದಲಿಸಿದ್ದೇನೆ. ನಾನು ಆಪ್ತಸಲಹೆಗಾರ್ತಿ; ನನ್ನ ಹತ್ತಿರ ಬಂದವರೊಬ್ಬರ ಕಥೆ ಇದು, ಬರೆಯಲು ಅವರ ಒಪ್ಪಿಗೆ ಇದೆ. ಬರೆದದ್ದನ್ನು ಓದಿ ಒಂದು ಕಡೆ ಮಾತ್ರ, "ನಾನು ಅಷ್ಟೊಂದು ಅಳ್ಲಿಲ್ಲ ಮೇಡಂ" ಎಂದು ತಿದ್ದಿಸಿದರು. ಇಲ್ಲಿ ಅವರನ್ನು ಮೇಷ್ಟ್ರು ಎನ್ನೋಣ. ಮಂಡ್ಯ ಕಡೆಯ ಪ್ರೌಢಶಾಲೆಯೊಂದರಲ್ಲಿ ಗಣಿತ ಹೇಳಿಕೊಡುತ್ತಾರೆ. ವಯಸ್ಸು ಐವತ್ತರ ಆಸುಪಾಸು.

ಮೈಸೂರಿಗೆ, ನನ್ನ ಹತ್ತಿರ ಅವರನ್ನು ಕರೆತಂದವರು ಅವರ ಹೆಂಡತಿ. ಎರಡು ತಿಂಗಳಿಂದ ನಡುರಾತ್ರಿ ಎದ್ದು ಕೂರುತ್ತಾರಂತೆ, ಮುದ್ದೆ ಅರ್ಧಕ್ಕೇ ಬಿಟ್ಟು ಏಳುತ್ತಾರಂತೆ, ಹಾಸ್ಟೆಲ್ ಕಾಲದ ಸ್ನೇಹಿತನ ಫೋನ್ ಬಂದರೆ ಮೊಬೈಲನ್ನು ಮಗುಚಿ ಇಡುತ್ತಾರಂತೆ. ಆಕೆಗೆ ದಿಗಿಲು ಹುಟ್ಟಿಸಿದ್ದು ಮಾತ್ರ ಸ್ಕೂಟರಿನ ಡಿಕ್ಕಿಯಲ್ಲಿ ಸಿಕ್ಕ ಸಾಲದ ಅರ್ಜಿ. ಶಿಕ್ಷಕರ ಪತ್ತಿನ ಸಹಕಾರ ಸಂಘದ್ದು, 5 ಲಕ್ಷಕ್ಕೆ. "ಯಾತಕ್ಕೆ ಅಂದ್ರೆ ಕ್ಲಬ್ಬಿಗೆ ಮೆಂಬರ್ ಆಗ್ಬೇಕು ಅಂತಾರೆ. ಇವ್ರು ಇಸ್ಪೀಟೆಲೆ ಮುಟ್ಟೋರಲ್ಲ, ಕುಡಿಯೋರಲ್ಲ. ಮನೆ ಮೇಲಿನ ಸಾಲವೇ ಇನ್ನೂ ತೀರಿಲ್ಲ ಮೇಡಂ."

ಮೊದಲು ಕೇಳಬೇಕಾದ್ದನ್ನು ಕೇಳಿದೆ. ಸಾಯುವ ಯೋಚನೆ ಬರುತ್ತದೆಯೇ? ಇಲ್ಲ. ಪಾಠ ಮಾಡಲು ಆಗುತ್ತಿದೆಯೇ? ಆಗುತ್ತಿದೆ. ಬೇರೆ ಉತ್ತರ ಬಂದಿದ್ದರೆ ಆವತ್ತೇ ಮನೋವೈದ್ಯರ ಹತ್ತಿರ ಕಳಿಸುತ್ತಿದ್ದೆ. ನಿದ್ದೆ ಬಾರದ ರಾತ್ರಿ ಯಾರ ಜೊತೆಗಾದರೂ ಮಾತಾಡಬೇಕು ಅನಿಸಿದರೆ ಇರಲಿ ಎಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ ನಂಬರು 14416 ಬರೆದುಕೊಟ್ಟೆ. ಆಮೇಲೆ ಹೆಂಡತಿಯನ್ನು ಹೊರಗೆ ಕೂರಿಸಿ, ಆ ಸಂಜೆಯ ಕಥೆ ಕೇಳಿದೆ.

ಸ್ನೇಹಿತ ಈಗ ಮೈಸೂರಿನಲ್ಲಿ ಕಟ್ಟಡದ ಗುತ್ತಿಗೆದಾರ. ಇಬ್ಬರೂ ಒಂದೇ ಹಾಸ್ಟೆಲಿನ ಅನ್ನ ತಿಂದವರು, ಬೈಟು ಕಾಫಿ ಕುಡಿದು ಓದಿದವರು. ಒಂದು ಭಾನುವಾರ ಬಲವಂತ ಮಾಡಿ ಕರೆದ: "ಬಾರ್ಲಾ, ನಮ್ ಕ್ಲಬ್ ತೋರಿಸ್ತೀನಿ." ಮೇಷ್ಟ್ರು ಇಸ್ತ್ರಿ ಮಾಡಿದ ಜುಬ್ಬಾ ಹಾಕಿಕೊಂಡು, ಜೇಬಿನಲ್ಲಿ 3000 ರೂಪಾಯಿ ಇಟ್ಟುಕೊಂಡು ಮಂಡ್ಯದಿಂದ ರೈಲು ಹತ್ತಿದರು. ಭಾನುವಾರವಾದ್ದರಿಂದ ಅರಮನೆಗೆ ದೀಪ ಹಾಕಿದ್ದರು. ಸ್ನೇಹಿತ ಆ ಕಡೆಯಿಂದಲೇ ಕಾರು ತಿರುಗಿಸಿ, ನೋಡಿಸಿಕೊಂಡು ಕರೆದೊಯ್ದ.

ಕ್ಲಬ್ಬಿನಲ್ಲಿ ದೊಡ್ಡ ರಿಜಿಸ್ಟರು. ಸದಸ್ಯನ ಸಂಖ್ಯೆ, ಸಹಿ, ಅದರ ಪಕ್ಕದಲ್ಲಿ 'ಅತಿಥಿ' ಎಂದು ಇವರ ಹೆಸರು. ಅಷ್ಟರಲ್ಲಿ ಸಮವಸ್ತ್ರದವನು ಇವರ ಕಾಲು ನೋಡಿದ. ಚಪ್ಪಲಿ ನಡೆಯಲ್ಲ ಸರ್, ಶೂ ಬೇಕು. ಜುಬ್ಬಾಗೆ ಕಾಲರ್ ಇದ್ದುದರಿಂದ ಅದು ಪಾಸಾಯಿತು. ಅದು ಹೇಗೋ ಶೂ ಒದಗಿತು, ಒಳಗೆ ಹೋದರು ಎಂದು ಮೇಷ್ಟ್ರು ಬೇಗ ಮುಂದೆ ಸಾಗಿದರು. ನಾನೂ ಅವರ ಹಿಂದೆಯೇ ಹೋದೆ. ನನ್ನ ತಪ್ಪು ಅಲ್ಲಿಯೇ ಆದದ್ದು.

ಹುಲ್ಲುಹಾಸಿನ ಮೇಲೆ ಬೆತ್ತದ ಕುರ್ಚಿ, ದೂರದಲ್ಲಿ ಬೆಟ್ಟದ ದೀಪ. ಸ್ನೇಹಿತನ ಬಳಗದವರು ಒಬ್ಬೊಬ್ಬರೇ ಬಂದು ಕೈ ಕುಲುಕಿದರು. ಯಾರೂ ಕೊಂಕು ಆಡಲಿಲ್ಲ. ಇವರು ನಿಂಬೆ ಸೋಡಾ ಕುಡಿದರು. ಏಳುವ ಹೊತ್ತಿಗೆ ಪದ್ಧತಿಯಂತೆ ತಮ್ಮ ಪಾಲಿನ ನೋಟು ತೆಗೆದು ತಟ್ಟೆಯಲ್ಲಿಟ್ಟರು. ಸಪ್ಲೈಯರ್ ಅದನ್ನು ಮೆಲ್ಲಗೆ ವಾಪಸ್ ಸರಿಸಿದ. "ಇಲ್ಲಿ ದುಡ್ಡು ತಗೊಳಲ್ಲ ಸರ್, ಮೆಂಬರ್ರೇ ಸೈನ್ ಮಾಡ್ಬೇಕು." ಮೇಜಿನ ಸುತ್ತ ಒಂದು ಸಣ್ಣ ನಗು. ಸ್ನೇಹಿತ ಚೀಟಿಗೆ ಸಹಿ ಹಾಕಿದ. ಎಷ್ಟಾಯಿತೆಂಬುದೂ ಇವರಿಗೆ ಕಾಣಲಿಲ್ಲ.

ಮೊದಲ ಎರಡು ಭೇಟಿಗಳಲ್ಲಿ ನಾನು ಇದನ್ನು ಕೀಳರಿಮೆಯ ಪ್ರಕರಣ ಎಂದೇ ಹಿಡಿದೆ. ನಮ್ಮ ಚೀಲದಲ್ಲಿ ಇಂಥದ್ದಕ್ಕೆಂದೇ ಇರುವ ಸಾಮಾನುಗಳನ್ನೆಲ್ಲ ಹೊರತೆಗೆದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು 2000ದಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಹಾಕಲು ಮುಜುಗರವಾಗುವಂಥ ಟೀ ಶರ್ಟ್ ತೊಡಿಸಿ ವಿದ್ಯಾರ್ಥಿಯನ್ನು ಜನ ಕೂತಿದ್ದ ಕೋಣೆಗೆ ಕಳಿಸಿದರು. ಅರ್ಧದಷ್ಟು ಜನ ಗಮನಿಸಿರಬೇಕು ಎಂದು ತೊಟ್ಟವರ ಅಂದಾಜು. ನಿಜಕ್ಕೂ ಗಮನಿಸಿದ್ದು ಕಾಲು ಭಾಗದಷ್ಟು. ಹಾಗೆಯೇ, ಚೆನ್ನೈನಲ್ಲಿ ಹೈಕೋರ್ಟ್ ನ್ಯಾಯಮೂರ್ತಿಯೊಬ್ಬರನ್ನೇ ಪಂಚೆ ಉಟ್ಟಿದ್ದಾರೆಂದು ಕ್ಲಬ್ಬಿನೊಳಗೆ ಬಿಡದಿದ್ದಕ್ಕೆ, 2014ರಲ್ಲಿ ತಮಿಳುನಾಡು ವಿಧಾನಸಭೆ ಹಾಗೆ ತಡೆಯಬಾರದೆಂದು ಕಾನೂನನ್ನೇ ಮಾಡಿದ್ದನ್ನೂ ಹೇಳಿದೆ. ನಿಯಮ ಹಳೆಯದು, ಅದಕ್ಕೆ ನೀವು ಯಾರು ಅನ್ನುವುದು ಗೊತ್ತಿಲ್ಲ ಎಂದೆ. ಮೇಷ್ಟ್ರು ಮರ್ಯಾದೆಯಿಂದ ತಲೆಯಾಡಿಸಿದರು. ಹಿಂದಿನ ಬೆಂಚಿನ ಹುಡುಗ ಅರ್ಥವಾಗದಿದ್ದರೂ 'ಆಯ್ತು ಸಾರ್' ಅನ್ನುತ್ತಾನಲ್ಲ, ಆ ತಲೆಯಾಟ. ನಿದ್ದೆ ಸುಧಾರಿಸಲಿಲ್ಲ.

ಮೂರನೇ ಭೇಟಿಗೆ ಒಂದು ಹಾಳೆ ಕೊಟ್ಟು, ಆ ಸಂಜೆಯನ್ನು ಹತ್ತು ಹತ್ತು ನಿಮಿಷಕ್ಕೆ ಬಿಡಿಸಿ ಬರೆಯಿರಿ ಎಂದೆ. ಗಣಿತದವರು, ಅಚ್ಚುಕಟ್ಟಾಗಿ ಕೋಷ್ಟಕ ಎಳೆದರು. ಬಾಗಿಲ ಬಳಿಯ ಹತ್ತು ನಿಮಿಷ ಮಾತ್ರ ಖಾಲಿ.

"ಶೂ ಯಾರದ್ದು ಸರ್?" ಎಂದೆ.

ತುಂಬ ಹೊತ್ತು ಸುಮ್ಮನಿದ್ದರು. ಶೂ ಸ್ನೇಹಿತನ ಡ್ರೈವರ್‌ನದು. "ಬಿಚ್ಕೊಡೋ ಅಂದ ಮೇಡಂ. ಅವನು ಕಾರಿನ ಬಾಗಿಲಿಗೆ ಒರಗಿ, ಒಂದು ಕಾಲಲ್ಲಿ ನಿಂತ್ಕೊಂಡು ಬಿಚ್ಚಿದ. ಇನ್ನೂ ಬಿಸಿ ಇತ್ತು ಒಳಗೆ." ಮೇಷ್ಟ್ರ ಕಾಲು 7ನೇ ನಂಬರಿನದು, ಶೂ 9. ಮೂರು ಗಂಟೆ ಕಾಲು ಎಳೆದುಕೊಂಡೇ ಓಡಾಡಿದರು. ವಾಪಸ್ ಬಂದಾಗ ಡ್ರೈವರ್ ಇವರ ಚಪ್ಪಲಿ ಮೆಟ್ಟಿಕೊಂಡು ಹೊರಗೆ ನಿಂತಿದ್ದ. ಇವರನ್ನು ಕಂಡದ್ದೇ ಗಡಿಬಿಡಿಯಿಂದ ಬಿಟ್ಟು, ಬಗ್ಗಿ, ಎರಡನ್ನೂ ಜೋಡಿಸಿ ಇವರ ಮುಂದಿಟ್ಟು ಬರಿಗಾಲಲ್ಲಿ ನಿಂತ. "ನನ್ನ ವಿದ್ಯಾರ್ಥಿ ವಯಸ್ಸಿನವನು. ನಾನು ಥ್ಯಾಂಕ್ಸ್ ಸಹ ಅನ್ಲಿಲ್ಲ."

ಅಲ್ಲಿಗೆ ಗಂಟು ಬಿಚ್ಚಿಕೊಂಡಿತು. ತನ್ನನ್ನು ಕೀಳಾಗಿ ಕಂಡರೆಂಬ ನೋವು ಇರಲಿಲ್ಲವೆಂದಲ್ಲ, ಅದು ಮೇಲಿನ ಪದರ. ಕೆಳಗಿದ್ದದ್ದು ತನ್ನ ಮೇಲಿನ ಅಸಹ್ಯ: ಇನ್ನೊಬ್ಬನ ಕಾಲು ಬರಿದು ಮಾಡಿ ನಾನು ಒಳಗೆ ಹೋದೆನಲ್ಲ, ಬೇಡ ಅನ್ನಲು ಬಾಯಿ ಬರಲಿಲ್ಲವಲ್ಲ. ಅದಕ್ಕೆ ಬಿಲ್ಲಿನ ಮುಜುಗರವೂ ಸೇರಿತು. ಬೈಟು ಲೆಕ್ಕದಲ್ಲಿ ಬೆಳೆದ ಸ್ನೇಹದಲ್ಲಿ ಮೊದಲ ಸಲ ಇವರಿಗೆ ಪಾಲು ಕೊಡಲು ಆಗಲಿಲ್ಲ. ಸದಸ್ಯನಾಗಿ ತಾನೂ ಒಂದು ಚೀಟಿಗೆ ಸಹಿ ಹಾಕಿಬಿಟ್ಟರೆ ಲೆಕ್ಕ ಚುಕ್ತಾ. 5 ಲಕ್ಷದ ಅರ್ಜಿ ಬಂದದ್ದು ಹೀಗೆ.

ಸಾಲದ ವಿಷಯದಲ್ಲಿ ನಾನು ತಟಸ್ಥಳಾಗಿರಲಿಲ್ಲ. ಆಪ್ತಸಲಹೆಗಾರರು ನಿರ್ಧಾರ ಹೇಳಬಾರದು ಎನ್ನುತ್ತಾರೆ, ಮನೆ ಸಾಲ ಇರುವವರ ಎದುರು ನನಗೆ ಅದು ಸಾಧ್ಯವಾಗುವುದಿಲ್ಲ. ಮೂರು ತಿಂಗಳು ಅರ್ಜಿ ಮುಟ್ಟಬೇಡಿ ಎಂದೆ. ಆಮೇಲೆ ಒಂದು ಪ್ರಶ್ನೆ: ಇಂಥ ಕ್ಲಬ್ಬುಗಳಿಗೆ ದುಡ್ಡು ಕಟ್ಟಿದರೆ ಆಗುವುದಿಲ್ಲ, ಹಳೆಯ ಸದಸ್ಯನೊಬ್ಬ ಹೆಸರು ಸೂಚಿಸಬೇಕು, ಇನ್ನೊಬ್ಬ ಅನುಮೋದಿಸಬೇಕು. ನಿಮ್ಮ ಹೆಸರು ಸೂಚಿಸುವವರು ಯಾರು? ಮೇಷ್ಟ್ರು ಕಣ್ಣು ಮುಚ್ಚಿದರು. "ಅವನೇಯ." ಋಣ ತೀರಿಸಲು ಹೊರಟು ಇನ್ನೊಂದು ಋಣ. ಆಗ ಬೆಂಗಳೂರು ಕ್ಲಬ್ಬಿನ 1899ರ ದಾಖಲೆಯಲ್ಲಿ ವಿನ್‌ಸ್ಟನ್ ಚರ್ಚಿಲ್ ಹೆಸರಿನಲ್ಲಿ ಇರುವ 13 ರೂಪಾಯಿ ಬಾಕಿಯ ಕಥೆ ಹೇಳಿದೆ. ಮೊದಲ ಸಲ ನಕ್ಕರು. "ಬಡ್ಡಿ ಎಷ್ಟಾಗಿರಬೋದು?" ಎಂದು ಬಾಯಲ್ಲೇ ಲೆಕ್ಕ ಹಾಕತೊಡಗಿದರು.

ಉಳಿದ ಸಲಹೆ ಎರಡೇ. ಬಾಗಿಲ ಬಳಿ ಆಡಬಹುದಾಗಿದ್ದ ಮಾತನ್ನು ಜೋರಾಗಿ ಆಡಿ ಅಭ್ಯಾಸ ಮಾಡುವುದು: "ಶೂ ಬೇಡ ಕಣ್ಲಾ, ನಡಿ, ಬೇರೆ ಕಡೆ ಕೂರೋಣ." ನಾನು ಸ್ನೇಹಿತನಾಗಿ ಬಲವಂತ ಮಾಡಿದೆ, ಅವರು ಹೇಳಿದರು. ನಾಲ್ಕನೇ ಸಲಕ್ಕೆ ದನಿ ಗಟ್ಟಿಯಾಯಿತು. ಎರಡನೆಯದು, ಸ್ನೇಹಿತನನ್ನು ಮನೆಗೆ ಕರೆದು, ನಡೆದದ್ದನ್ನು ನಡೆದಷ್ಟೇ ಹೇಳುವುದು. 'ನಿನಗೆ ದುಡ್ಡಿನ ಮದ' ಎಂದಲ್ಲ, 'ಆ ಹುಡುಗನ ಶೂ ಹಾಕ್ಕೊಂಡಿದ್ದು ನಂಗೆ ಸಂಕಟ ಆಯ್ತು' ಎಂದು. ಡ್ರೈವರ್‌ಗೆ ಏನಾದರೂ ಕೊಡಲೇ ಎಂದು ಕೇಳಿದರು. ಬಟ್ಟೆ, ದುಡ್ಡು ಏನೂ ಬೇಡ, ಅವನಿಗೆ ಅದು ಇನ್ನೊಂದು ಮುಜುಗರ. ಸಿಕ್ಕಾಗ ಹೆಸರು ಹಿಡಿದು ಮಾತಾಡಿಸಿ ಎಂದೆ. ಹೆಸರು ಕೇಳಿಕೊಂಡೇ ಇರಲಿಲ್ಲ.

ಸ್ನೇಹಿತ ಬಂದ. ನಾಟಿಕೋಳಿ ಸಾರು, ಮುದ್ದೆ ಆಯಿತು. ಮೇಷ್ಟ್ರು ಹೇಳಿದರು. ಅವನು, "ಇಷ್ಟಕ್ಕಾ ಫೋನ್ ಎತ್ತದೇ ಇದ್ದೆ? ಅವನೇನೂ ಅಂದ್ಕೊಳಲ್ಲ ಬಿಡ್ಲಾ" ಎಂದ. ಮೇಷ್ಟ್ರಿಗೆ ಸಿಟ್ಟು ಬಂತು. "ಅವನು ಅಂದ್ಕೊಳಲ್ಲ, ನಾನು ಅಂದ್ಕೋತೀನಿ" ಅಂದರಂತೆ. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಸ್ನೇಹಿತ ಹೊರಡುವಾಗ ಕಾರಿನ ತನಕ ಹೋಗಿ, ಒಳಗೆ ಊಟಕ್ಕೆ ಕರೆದರೂ ಬಾರದೆ ಕೂತಿದ್ದ ಹುಡುಗನ ಹೆಸರು ಕೇಳಿದರು. ಮಳವಳ್ಳಿ ಕಡೆಯವನಂತೆ.

ನಿದ್ದೆ ಈಗ ಪರವಾಗಿಲ್ಲ. ಫೋನ್ ಎತ್ತುತ್ತಾರೆ, ಸಿಟ್ಟೂ ಪೂರ್ತಿ ಇಳಿದಿಲ್ಲ. ಸಾಲದ ಅರ್ಜಿ ಹೆಂಡತಿಯ ಬೀರುವಿನಲ್ಲಿದೆ. ಮುಂದಿನ ಭೇಟಿ ಯಾವಾಗ ಎಂದರೆ, ಎಸ್ಸೆಸ್ಸೆಲ್ಸಿ ಮೌಲ್ಯಮಾಪನ ಮುಗಿಸಿಕೊಂಡು ಬರ್ತೀನಿ ಅಂದಿದ್ದಾರೆ.