ಮೈಕು ಯಾರ ಕೈಯಲ್ಲಿತ್ತು?

ಸೋಮವಾರಪೇಟೆಯಿಂದ ನೀವು ಕಳಿಸಿದ ‘ಪರಿಸರ ಪರಿಣಾಮ ಮೌಲ್ಯಮಾಪನ ಎಷ್ಟು ಪರಿಣಾಮಕಾರಿ?’ ಎಂಬ ಲೇಖನವನ್ನು ಎರಡು ಸಲ ಓದಿದೆ. ಯೋಜನೆಗೆ ಒಪ್ಪಿಗೆ ಕೊಡುವ ಮೊದಲು ಅದರಿಂದ ಪರಿಸರಕ್ಕೆ ಏನಾಗುತ್ತದೆಂದು ಅಳೆಯುವ ಈ ಮೌಲ್ಯಮಾಪನಕ್ಕೆ ಕೇಂದ್ರ ಸರ್ಕಾರ ಹೊರಡಿಸಿದ 1994ರ ಅಧಿಸೂಚನೆ, ಅದರ ಜಾಗಕ್ಕೆ 2006ರಲ್ಲಿ ಬಂದದ್ದು, 2020ರ ಕರಡಿನ ಗದ್ದಲ, ಇಸವಿಗಳೆಲ್ಲ ಸರಿಯಾಗಿವೆ. ಶ್ರಮ ಕಾಣುತ್ತದೆ, ಸಂತೋಷ. ಆದರೆ ಎರಡನೆಯ ಪುಟ ಮುಗಿಯುವಷ್ಟರಲ್ಲಿ ನನಗೆ ಸಿಟ್ಟು ಬಂತು.

‘ವರದಿಗಳನ್ನು ಕಾಟಾಚಾರಕ್ಕೆ ಸಿದ್ಧಪಡಿಸಲಾಗುತ್ತಿದೆ’ ಎಂದಿದ್ದೀರಿ. ಯಾರು ಸಿದ್ಧಪಡಿಸುತ್ತಾರೆ? ಯೋಜನೆ ಕೈಗೊಳ್ಳುವವನೇ ಸಲಹಾ ಸಂಸ್ಥೆಯನ್ನು ಗೊತ್ತುಮಾಡಿ, ತಾನೇ ಶುಲ್ಕ ಕೊಟ್ಟು ಬರೆಸುತ್ತಾನೆ. ಸಂಸ್ಥೆಗೆ ಮಾನ್ಯತೆ ಇರಬೇಕೆಂಬ ನಿಯಮವೇನೋ ಇದೆ, ಹಣ ಬರುವುದು ಮಾತ್ರ ಅದೇ ಕೈಯಿಂದ. ವ್ಯವಸ್ಥೆಯ ಹುಳುಕೆಲ್ಲ ಆ ಒಬ್ಬ ಕರ್ತೃವಿನಲ್ಲಿದೆ. ನೀವು ‘ಲಾಗುತ್ತಿದೆ’ ಎಂದು ಅವನನ್ನು ಹಿಂಬಾಗಿಲಿನಿಂದ ಕಳಿಸಿಬಿಟ್ಟಿರಿ. ಬೈಯುವುದು ಆ ವರದಿಗಳನ್ನು, ಬರೆಯುವುದು ಅವುಗಳದೇ ಭಾಷೆಯಲ್ಲಿ!

ಮುಂದಿನ ಸಾಲು: ‘ಮೂರು ತಿಂಗಳು ಮಾತ್ರ ಅಧ್ಯಯನ ನಡೆಸಲಾಗುತ್ತದೆ.’ ಯಾವ ಮೂರು ತಿಂಗಳು? ಸಾಮಾನ್ಯವಾಗಿ ಕೇಳುವುದು ಮಳೆಗಾಲ ಬಿಟ್ಟು ಒಂದು ಋತುವಿನ ಮಾಹಿತಿಯನ್ನು. ಮಾರ್ಚ್‌ನಲ್ಲಿ ಬಂದು ಅಳೆದವನಿಗೆ ನಮ್ಮ ಕೊಲ್ಲಿ, ಅಂದರೆ ತೊರೆ, ಚಪ್ಪಲಿ ನೆನೆಯದೆ ದಾಟಬಹುದಾದ ಒಂದು ಗೆರೆ. 2018ರಲ್ಲಿ ಕೊಡಗಿನ ಜಡಿಮಳೆಯ ತಿಂಗಳಾದ ಕಕ್ಕಡ ಮುಗಿಯುವ ಹೊತ್ತಿಗೆ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಇಳಿದುಬಂದ ಜಿಲ್ಲೆಯವರು ನೀವು. ಈ ಪ್ರಶ್ನೆ ನಿಮಗೆ ಹೊಳೆಯದಿದ್ದರೆ ಇನ್ನು ಯಾರಿಗೆ ಹೊಳೆಯಬೇಕು? ಅದರ ಬದಲು ‘ಪ್ರಕೃತಿ ಮಾತೆ ಮುನಿದಳು’ ಎಂದು ಬರೆದಿದ್ದೀರಿ. ಇಡೀ ಪುಟದಲ್ಲಿ ಸಿಕ್ಕ ಒಂದೇ ಒಂದು ಕರ್ತೃ ಆಕೆ, ಅದೂ ನಿರಪರಾಧಿ.

‘ಕೊಡಗಿನ ರೆಸಾರ್ಟ್‌ಗಳಿಗೆ ಸಮರ್ಪಕ ಮೌಲ್ಯಮಾಪನ ಆಗುತ್ತಿಲ್ಲ.’ ಕಟ್ಟಡದ ವಿಸ್ತೀರ್ಣ 20,000 ಚದರ ಮೀಟರ್ ಮುಟ್ಟದಿದ್ದರೆ ಕಟ್ಟಡವೆಂಬ ಕಾರಣಕ್ಕೆ 2006ರ ಅಧಿಸೂಚನೆ ಮೌಲ್ಯಮಾಪನವನ್ನು ಕೇಳುವುದೇ ಇಲ್ಲ. ಕೆಟ್ಟದಾಗಿ ಆದದ್ದು ಬೇರೆ, ಆಗಬೇಕಾಗಿಯೇ ಇಲ್ಲದ್ದು ಬೇರೆ. ನಿಮ್ಮ ವಾಕ್ಯ ಎರಡನ್ನೂ ಒಂದೇ ಗೋಣಿಗೆ ತುಂಬಿದೆ.

ನಾನೂ ಹೀಗೆಯೇ ಬರೆಯುತ್ತಿದ್ದೆ. ಪತ್ರಿಕೆಗೆ ಸೇರಿದ ಹೊಸದರಲ್ಲಿ ಪಕ್ಕದ ಜಿಲ್ಲೆಯ ಗಣಿಯೊಂದರ ಸಾರ್ವಜನಿಕ ಆಲಿಕೆಗೆ, ಅಂದರೆ ಯೋಜನೆಯ ಬಗ್ಗೆ ಊರಿನವರ ಮಾತು ಕೇಳುವ ಸಭೆಗೆ, ಕಳಿಸಿದ್ದರು. ಮರಳಿ ಬಂದು ‘ಸಾರ್ವಜನಿಕರಿಂದ ಅಭಿಪ್ರಾಯ ಸಂಗ್ರಹಿಸಲಾಯಿತು’ ಎಂದು ಗೀಚಿದೆ. ಹಿರಿಯ ಉಪಸಂಪಾದಕರು ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದು, ‘ಮೈಕು ಯಾರ ಕೈಯಲ್ಲಿತ್ತು?’ ಎಂದು ಕೇಳಿದರು. ಮೊದಲ ಒಂದು ಗಂಟೆ ಕಂಪನಿಯವರ ಕೈಯಲ್ಲಿತ್ತು. ಹಿಂದಿನ ಸಾಲಿನಲ್ಲಿ ಕೊಡೆ ಮಡಚಿ ಹಿಡಿದು ನಿಂತಿದ್ದ ಹೆಂಗಸೊಬ್ಬರು ‘ಬಾವಿ ಬತ್ತಿದರೆ ನೀರು ಕೊಡುವವರು ಯಾರು?’ ಎಂದು ಕೇಳಿದ್ದು ಮೈಕಿಲ್ಲದೆ. ಅದನ್ನು ಯಾರೂ ಬರೆದುಕೊಂಡದ್ದು ನನಗೆ ಕಾಣಲಿಲ್ಲ. ನಾನೂ ಬರೆದುಕೊಂಡಿರಲಿಲ್ಲ. ಎರಡನೆಯ ಸಲ ಬರೆಯುವಾಗ ಸೇರಿಸಿದೆ. ಮರುದಿನ ಜಾಹೀರಾತು ಹೆಚ್ಚಾಗಿ ಆ ಸಾಲೇ ಹಾರಿಹೋಯಿತು, ಅದು ಬೇರೆ ಮಾತು.

ಉಳಿದ ಪುಟಗಳ ಬಗ್ಗೆ ಈಗ ಹೇಳುವುದಿಲ್ಲ. ನಾಲ್ಕನೆಯ ಪುಟದಲ್ಲಿ, ರಸ್ತೆ ಅಗಲವಾದ ಮೇಲೆ ಮೋರಿಯ ನೀರು ತೋಟದೊಳಗೆ ಯಾವ ಕಡೆಗೆ ತಿರುಗಿತೆಂದು ನಿಮ್ಮ ದೊಡ್ಡಪ್ಪ ಕೈಮಾಡಿ ತೋರಿಸುತ್ತಾರಲ್ಲ, ಅಲ್ಲಿಂದ ಶುರುಮಾಡಿ. ಎಂಟುನೂರು ಪದ ಸಾಕು. ‘ಲಾಗಿದೆ’ ಕಂಡರೆ ಮುಂದೆ ಓದದೆ ವಾಪಸು ಕಳಿಸುತ್ತೇನೆ.