ಅಜ್ಜನ ಅಣ್ಣ ‘ಹಡಗಿನ ಮಿಲಿಟರಿ’ಯಲ್ಲಿದ್ದರಂತೆ, ಎಲ್ಲಿಂದ ಹುಡುಕಲಿ?

ಕುಂದಾಪುರದ ಕಡೆಯವರಾದ ನಿಮ್ಮ ಅಜ್ಜನ ಅಣ್ಣ ಎರಡನೇ ಮಹಾಯುದ್ಧದ ಕಾಲದಲ್ಲಿ ಮುಂಬಯಿಗೆ ಹೋಗಿ ‘ಹಡಗಿನ ಮಿಲಿಟರಿ’ ಸೇರಿದರು, ಮರಳಿ ಬರಲಿಲ್ಲ, ಮನೆಯಲ್ಲಿ ಉಳಿದಿರುವುದು ಒಂದು ಪದಕ ಮಾತ್ರ ಎಂದು ಬರೆದಿದ್ದೀರಿ. ನನ್ನ ಅಜ್ಜಿಯ ತಮ್ಮನನ್ನು ಹುಡುಕಲು ನಾನೂ ಇದೇ ಮಾತನ್ನು ನಂಬಿ ಹೊರಟು ಎರಡು ವರ್ಷ ದಾರಿ ತಪ್ಪಿದೆ. ನಮ್ಮ ಕರಾವಳಿಯ ಮನೆಗಳಲ್ಲಿ ಈ ಒಂದು ಮಾತಿನೊಳಗೆ ಮೂರು ನೌಕರಿಗಳು ಅಡಗಿರುತ್ತವೆ: ರಾಯಲ್ ಇಂಡಿಯನ್ ನೇವಿ, ಬ್ರಿಟಿಷ್ ಕಂಪನಿಗಳ ವ್ಯಾಪಾರಿ ಹಡಗುಗಳು, ಭೂಸೇನೆಯ ಎಂಜಿನಿಯರ್ ವಿಭಾಗದ ಒಳನಾಡು ಜಲಸಾರಿಗೆ ದಳ. ಮೂರರ ಕಾಗದಪತ್ರಗಳೂ ಬೇರೆ ಬೇರೆ ಕಡೆ ಇರುವುದರಿಂದ, ಅವರು ಯಾವುದರಲ್ಲಿದ್ದರು ಎಂಬುದು ಮೊದಲು ತೀರ್ಮಾನವಾಗಬೇಕು.

ಅದಕ್ಕೆ ಪದಕದ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ. ದಯವಿಟ್ಟು ಹುಣಸೆಹಣ್ಣು ಹಾಕಿ ಉಜ್ಜಬೇಡಿ. ಒಂದು ಬದಿಯಲ್ಲಿ ದೊರೆಯ ತಲೆ, ಇನ್ನೊಂದು ಬದಿಯಲ್ಲಿ ಎರಡು ತಲೆಯ ಡ್ರ್ಯಾಗನ್ನನ್ನು ಮೆಟ್ಟಿ ನಿಂತ ಸಿಂಹವಿದ್ದರೆ ಅದು 1939–45ರ ವಾರ್ ಮೆಡಲ್. ಭಾರತೀಯ ಸೈನಿಕರಿಗೆ ಕೊಟ್ಟ ಪದಕಗಳ ಅಂಚಿನಲ್ಲಿ ಸಾಮಾನ್ಯವಾಗಿ ಸಂಖ್ಯೆ, ಹೆಸರು ಮತ್ತು ದಳದ ಸಂಕ್ಷಿಪ್ತಾಕ್ಷರಗಳನ್ನು ಕೊರೆದಿರುತ್ತಾರೆ. ಆರ್.ಐ.ಎನ್. ಎಂದಿದ್ದರೆ ಅವರು ನೌಕಾಪಡೆಯವರು. ಆಗ ನಾವಿಕರ ಸೇವಾ ದಾಖಲೆಗಳನ್ನು ನೋಡಿಕೊಳ್ಳುವ, ಮುಂಬಯಿಯ ಮಾನ್‌ಖುರ್ದ್‌ನಲ್ಲಿರುವ ಬ್ಯೂರೋ ಆಫ್ ಸೈಲರ್ಸ್‌ಗೆ ಆ ಸಂಖ್ಯೆಯೊಂದಿಗೆ ಪತ್ರ ಬರೆಯಿರಿ. ಭೂಸೇನೆಯ ದಳದ ಹೆಸರಿದ್ದರೆ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಿ. ಅಂಚು ಬರಿದಾಗಿದ್ದರೆ ವ್ಯಾಪಾರಿ ಹಡಗಿನ ಸಾಧ್ಯತೆ ಹೆಚ್ಚು. ನಮ್ಮದು ಬರಿದಾಗಿತ್ತು.

ನಮಗೆ ದಾರಿ ತೋರಿಸಿದ್ದು ಅಜ್ಜಿಯ ಟ್ರಂಕಿನ ತಳದಲ್ಲಿ ಮುಂಡಿನೊಳಗೆ ಸುತ್ತಿಟ್ಟಿದ್ದ ಡಿಸ್ಚಾರ್ಜ್ ಪುಸ್ತಕ, ಅಂದರೆ ಹಡಗಿನ ಕೆಲಸಗಾರನ ಸೇವೆಯ ದಾಖಲೆ. ಫೋಟೋದ ಕೆಳಗೆ ನೇರಳೆ ಶಾಯಿಯ ಹೆಬ್ಬೆಟ್ಟಿನ ಗುರುತು. ಒಳಗೆ ಒಂದೊಂದು ಯಾನಕ್ಕೂ ಒಂದು ಸಾಲು: ಹಡಗಿನ ಹೆಸರು, ಅದರ ಅಧಿಕೃತ ಸಂಖ್ಯೆ, ಹತ್ತಿದ ಮತ್ತು ಇಳಿದ ದಿನಾಂಕಗಳು, ಕೆಲಸ, ಕೊನೆಯಲ್ಲಿ ‘ವೆರಿ ಗುಡ್’ ಎಂಬುದರ ವಿ.ಜಿ. ಮೊಹರು. ಮನೆಯವರೆಲ್ಲ ‘ಕ್ಯಾಪ್ಟನ್’ ಎನ್ನುತ್ತಿದ್ದ ಮನುಷ್ಯ ಆಗ್‌ವಾಲಾ ಆಗಿದ್ದರು, ಅಂದರೆ ಬಾಯ್ಲರಿಗೆ ಕಲ್ಲಿದ್ದಲು ಹಾಕುವವರು. ಯಾನದಲ್ಲಿರುವಾಗ ಪುಸ್ತಕ ಕಪ್ತಾನನ ವಶದಲ್ಲಿರುತ್ತಿದ್ದುದರಿಂದ ಮನೆಯಲ್ಲಿ ಸಿಗುವುದು ಬಹುಶಃ ತುಂಬಿಹೋದ ಹಳೆಯ ಪುಸ್ತಕ. ಅದರಲ್ಲಿ ಕೊನೆಯ ಹಡಗು ಇಲ್ಲದಿದ್ದರೆ ನಿರಾಶರಾಗಬೇಡಿ.

ಕೊನೆಯ ಹಡಗು ನಮಗೆ ಸಿಕ್ಕಿದ್ದು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿಯಲ್ಲಿ. ಅದನ್ನು ಅಂತರ್ಜಾಲದಲ್ಲಿ ಉಚಿತವಾಗಿ ನೋಡಬಹುದು. ಅವಿಭಜಿತ ಭಾರತದ ನೌಕಾಪಡೆ ಮತ್ತು ವ್ಯಾಪಾರಿ ಹಡಗುಗಳ 6,000ಕ್ಕೂ ಹೆಚ್ಚು ಮಂದಿಯ ಹೆಸರುಗಳು ಬಾಂಬೆ 1939–1945 ಸ್ಮಾರಕದ ಹೆಸರಿನಲ್ಲಿ ದಾಖಲಾಗಿವೆ, ಆ ಹೆಸರುಗಳ ಪುಸ್ತಕದ ಒಂದು ಪ್ರತಿ ಬಾಂಗ್ಲಾದೇಶದ ಚಿತ್ತಗಾಂಗಿನಲ್ಲಿದೆ. ಮನೆಯಲ್ಲಿ ಕರೆಯುತ್ತಿದ್ದ ಹೆಸರನ್ನೇ ಹಾಕಿ ಹುಡುಕಿದರೆ ಏನೂ ಸಿಗುವುದಿಲ್ಲ. ಗುಮಾಸ್ತ ಕಿವಿಗೆ ಬಿದ್ದಂತೆ ಬರೆದುಕೊಂಡ ಹೆಸರುಗಳವು. ಉಡುಪಿ ಅಲ್ಲಿ ‘ಉಡಿಪಿ’, ಕುಂದಾಪುರ ‘ಕೂಂಡಾಪೂರ್’. ಕೆಲವು ನಮೂದುಗಳಲ್ಲಿ ತಂದೆಯ ಹೆಸರು, ಊರು ಇರುತ್ತವೆ, ಆದ್ದರಿಂದ ಊರನ್ನು ಹಿಡಿದು ಹುಡುಕಿ. ಸಾರಂಗರು, ಅಂದರೆ ಹಡಗಿನ ಕೆಲಸಗಾರರ ಮುಖ್ಯಸ್ಥರು, ತಮ್ಮ ಊರು, ನಂಟರ ಪೈಕಿಯವರನ್ನೇ ಹಡಗಿಗೆ ಸೇರಿಸುತ್ತಿದ್ದರು. ಒಂದೇ ಊರಿನ ಮೂವರು ಒಂದೇ ಹಡಗಿನಲ್ಲಿ ಒಂದೇ ದಿನ ತೀರಿಕೊಂಡಿದ್ದನ್ನು ಕಂಡ ಮೇಲೆಯೇ ನಮ್ಮವರ ತಿರುಚಿದ ಹೆಸರನ್ನು ನಾನು ಗುರುತಿಸಿದ್ದು.

ಹಡಗು ಗೊತ್ತಾದರೆ ಉಳಿದದ್ದು ಸುಲಭ. ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ದಾಖಲಾಗಾರದ ಬಿ.ಟಿ. 389 ಸರಣಿಯಲ್ಲಿ ಯುದ್ಧಕಾಲದ ಹಡಗುಗಳ ಸಂಚಾರದ ಕಾರ್ಡುಗಳೂ, ಬಿ.ಟಿ. 381ರಲ್ಲಿ ಸಿಬ್ಬಂದಿ ಪಟ್ಟಿಗಳೂ ಇವೆ. ಪಟ್ಟಿಗಳಿಗೆ ಹಡಗಿನ ಅಧಿಕೃತ ಸಂಖ್ಯೆಯೇ ಕೀಲಿಕೈ, ಏಕೆಂದರೆ ಒಂದೇ ಹೆಸರಿನ ಹಡಗುಗಳು ಹಲವು.

ಆಯೋಗದ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಅವರು ಯುದ್ಧದಲ್ಲಿ ಬದುಕಿಕೊಂಡರು ಎಂದು ಅರ್ಥವಲ್ಲ. ವ್ಯಾಪಾರಿ ಹಡಗಿನವರ ಪೈಕಿ ಯುದ್ಧದ ಕಾರಣದಿಂದ ಸತ್ತವರನ್ನು ಮಾತ್ರ ಆಯೋಗ ಲೆಕ್ಕಕ್ಕೆ ಹಿಡಿದಿದೆ. ಜ್ವರ ಬಂದು ಹಡಗಿನಲ್ಲೇ ತೀರಿಕೊಂಡವನು ಅದರಲ್ಲಿ ಬರುವುದಿಲ್ಲ. ಸದ್ಯಕ್ಕೆ ಪದಕದ ಅಂಚಿನಲ್ಲಿ ಕಾಣುವ ಅಕ್ಷರಗಳನ್ನು, ಚುಕ್ಕೆಗಳನ್ನೂ ಬಿಡದೆ, ಇದ್ದ ಹಾಗೆಯೇ ಇಲ್ಲಿ ಬರೆಯಿರಿ.