ಲ್ಯಾಬ್ ರಿಪೋರ್ಟಿನಲ್ಲಿ ಆಟಿಸಂ ಗೊತ್ತಾಗುತ್ತಾ?

ಪ್ರಶ್ನೆ: ಮಗನಿಗೆ ಮೂರು ವರ್ಷ. ಕರೆದರೆ ತಿರುಗಿ ನೋಡಲ್ಲ, ಮಾತೂ ಬಂದಿಲ್ಲ. ರಕ್ತ, ಮೂತ್ರ, ಕೂದಲು ಕೊಟ್ಟರೆ ಲ್ಯಾಬಿನವರೇ ಆಟಿಸಂ ಹೌದೋ ಅಲ್ಲವೋ ಹೇಳುತ್ತಾರಂತೆ. ಮಾಡಿಸಲಾ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಆಟಿಸಂ ಪತ್ತೆಗೆ ಅಂತಾದರೆ ಬೇಡಮ್ಮ. ಮಗು ಹೇಗೆ ಆಡುತ್ತದೆ, ಬೇಕಾದ್ದನ್ನು ಬೆರಳು ತೋರಿಸಿ ಕೇಳುತ್ತದಾ, ಮುಖ ನೋಡಿ ನಗುತ್ತದಾ ಅಂತ ಗಮನಿಸಿ, ನಿಮ್ಮ ಹತ್ತಿರ ಎಲ್ಲ ವಿಚಾರಿಸಿಯೇ ಡಾಕ್ಟರು ಅದನ್ನು ಹೇಳಬೇಕು.

ಸಂಶೋಧನೆ ನಡೆದಿದೆ, ನಿಜ. 2017ರಲ್ಲಿ ಅಮೆರಿಕದಲ್ಲಿ ಆಟಿಸಂ ಇದ್ದ 83 ಮತ್ತು ಇಲ್ಲದ 76 ಮಕ್ಕಳ ರಕ್ತ ನೋಡಿ, ಎರಡೂ ಗುಂಪಿನಲ್ಲಿ ನೂರಕ್ಕೆ 96ಕ್ಕಿಂತ ಜಾಸ್ತಿ ಮಕ್ಕಳನ್ನು ಸರಿಯಾಗಿ ಗುರುತಿಸಿದರು. ಕೇಳೋಕೆ ಚೆನ್ನಾಗಿದೆ ಅಲ್ವಾ? ಆದರೆ ಸಾವಿರ ಮಕ್ಕಳಲ್ಲಿ ಆಟಿಸಂ ಇರೋದು ಸುಮಾರು ಹತ್ತು ಮಕ್ಕಳಿಗೆ ಅಂತಿಟ್ಟುಕೊಳ್ಳಿ. ಆ ಹತ್ತೂ ಸಿಕ್ಕರೂ, ಉಳಿದ 990ರಲ್ಲಿ ನೂರಕ್ಕೆ ನಾಲ್ಕು ತಪ್ಪಾದರೆ ಸುಮಾರು ನಲವತ್ತು ಮನೆಗಳಿಗೆ ಸುಮ್ನೆ ಸುಳ್ಳು ರಿಪೋರ್ಟ್ ಹೋಗುತ್ತದೆ. ಆಟಿಸಂ ಇದ್ದರೆ ಮೂತ್ರದಲ್ಲಿ ಹಾಲು, ಗೋಧಿಯ ಪೆಪ್ಟೈಡ್, ಅಂದರೆ ಪ್ರೊಟೀನಿನ ಚೂರು, ಕಾಣುತ್ತದೆ ಅನ್ನುವ ಮಾತೂ ಇತ್ತು. 2008ರಲ್ಲಿ ಲಂಡನ್ನಿನಲ್ಲಿ ಪರೀಕ್ಷಿಸಿದಾಗ ಆಟಿಸಂ ಇದ್ದ ಹುಡುಗರ ಮೂತ್ರದಲ್ಲಿ ಅದು ಸಿಗಲೇ ಇಲ್ಲ.

ನನಗೆ ಜಾಸ್ತಿ ಭಯ ಆಗೋದು ಸೀಸ, ಪಾದರಸದ ಪರೀಕ್ಷೆ ಬಗ್ಗೆ. ಕೆಲವರು ಮೊದಲು ಲೋಹ ಎಳೆಯುವ ಔಷಧ ಕೊಟ್ಟು, ಆಮೇಲೆ ಮೂತ್ರ ಹಿಡಿಯುತ್ತಾರೆ. ಆ ಔಷಧ ಕುಡಿದರೆ ಯಾರ ಮೂತ್ರದಲ್ಲಾದರೂ ಲೋಹ ಏರುತ್ತದೆ! ಅದನ್ನು ತೋರಿಸಿ ಕೀಲೇಷನ್, ಅಂದರೆ ಅಂಥ ಔಷಧ ಕೊಟ್ಟು ಮೈಯಿಂದ ಲೋಹ ತೆಗೆಯುವ ಚಿಕಿತ್ಸೆ, ಹಚ್ಚುತ್ತಾರೆ. 2005ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಆಟಿಸಂ ಇದ್ದ ಐದು ವರ್ಷದ ಹುಡುಗ ಈ ಚಿಕಿತ್ಸೆಯಲ್ಲೇ ರಕ್ತದ ಕ್ಯಾಲ್ಸಿಯಂ ಕುಸಿದು ತೀರಿಕೊಂಡ. ದಯವಿಟ್ಟು ಆ ದಾರಿ ಹಿಡಿಯಬೇಡಿ.

ಹಾಗಂತ ಮೆಟಬಾಲಿಕ್ ಪರೀಕ್ಷೆಗಳೇ, ಅಂದರೆ ತಿಂದದ್ದನ್ನು ಮೈ ಸರಿಯಾಗಿ ಬಳಸಿಕೊಳ್ಳುತ್ತಿದೆಯಾ ಅಂತ ನೋಡುವ ರಕ್ತ, ಮೂತ್ರ ಪರೀಕ್ಷೆಗಳೇ, ದಂಡ ಅಲ್ಲ. ಫಿಟ್ಸ್ ಬರುತ್ತಿದ್ದರೆ, ಕಲಿತದ್ದು ಮರೆಯುತ್ತಿದ್ದರೆ, ಜ್ವರ ಬಂದಾಗೆಲ್ಲ ವಾಂತಿಯಾಗಿ ಮಂಕಾಗುತ್ತಿದ್ದರೆ, ಮೂತ್ರ ಮುಗ್ಗಲು ವಾಸನೆ ಬಂದರೆ ಡಾಕ್ಟರಿಗೆ ಹೇಳಿ. ನಿಮ್ಮದು ಸೋದರಮಾವ ಅಥವಾ ಅತ್ತೆ ಮಗನ ಜೊತೆಗಿನ ಮದುವೆಯಾಗಿದ್ದರೆ ಅದನ್ನೂ ಮುಚ್ಚಿಡಬೇಡಿ. ಆಗ ಅವರೇ ಪರೀಕ್ಷೆ ಬರೆದುಕೊಡುತ್ತಾರೆ. ಆದರೆ ಅದು ಹುಡುಕೋದು ಪಿಕೆಯುನಂಥ, ಅಪ್ಪ ಅಮ್ಮನಿಂದ ಹುಟ್ಟಿನಲ್ಲೇ ಬರುವ ಬೇರೆ ಕಾಯಿಲೆಯನ್ನು. ಪಿಕೆಯು ಅಂದರೆ ಊಟದ ಪ್ರೊಟೀನಿನ ಒಂದು ಅಂಶವನ್ನು ಮೈ ಕರಗಿಸಲಾಗದ ಕಾಯಿಲೆ. ಪಿಕೆಯುಗೆ ಊಟದ ಪಥ್ಯವಿದೆ, ಬೇಗ ಸಿಕ್ಕಷ್ಟೂ ಒಳ್ಳೆಯದು.

ಈಗ ಮೊದಲು ಕಿವಿ ಪರೀಕ್ಷೆ ಮಾಡಿಸಿ, ಕೇಳಿಸದಿದ್ದರೂ ಮಗು ತಿರುಗಲ್ಲ. ಬೆಂಗಳೂರಿನ ನಿಮ್ಹಾನ್ಸ್ ಅಥವಾ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋಗಿ. ಸ್ಪೀಚ್ ಥೆರಪಿ ಶುರುಮಾಡೋಕೆ ಯಾವ ಲ್ಯಾಬ್ ರಿಪೋರ್ಟೂ ಬೇಕಿಲ್ಲ.